ಸಾಲು ಎಣಿಸುತ್ತ ಉಳುಮೆ: ಆಟಿಸಂ ಇರುವ ವಿದ್ಯಾರ್ಥಿಯ ವಿವರದೃಷ್ಟಿ, ತೀವ್ರಾಸಕ್ತಿ ಮತ್ತು ಓದು

ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಎಳವೆಯಲ್ಲಿಯೇ ಕಾಣಿಸಿಕೊಂಡು ಬದುಕಿನುದ್ದಕ್ಕೂ ಜೊತೆಯಲ್ಲಿರುವ ಒಂದು ಸ್ಥಿತಿ. ಲೋಕವನ್ನು ಗ್ರಹಿಸುವ ಬಗೆ, ಇತರರೊಡನೆ ಬೆರೆಯುವ ಬಗೆ, ಗಮನವನ್ನು ಒಂದೆಡೆ ನಿಲ್ಲಿಸುವ ಬಗೆ ಇವೆಲ್ಲವೂ ಅದರಿಂದ ರೂಪ ಪಡೆಯುತ್ತವೆ. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಹೆಸರು ಬಳಕೆಗೆ ಬಂದಿದ್ದರೂ ಪಾಲಕರೂ ಶಿಕ್ಷಕರೂ ಥೆರಪಿಸ್ಟರೂ ಸಾಮಾನ್ಯವಾಗಿ ಆಟಿಸಂ ಎಂದೇ ಹೇಳುವುದರಿಂದ ಇಲ್ಲಿಯೂ ಅದೇ ಪದವನ್ನು ಇಟ್ಟುಕೊಳ್ಳಲಾಗಿದೆ. ಅದರ ಹಲವು ಮುಖಗಳಲ್ಲಿ ಎರಡನ್ನು ಮಾತ್ರ, ಅವನ್ನೂ ವಿದ್ಯಾಭ್ಯಾಸಕ್ಕೆ ತಗುಲುವಷ್ಟರ ಮಟ್ಟಿಗೆ, ಈ ಉಪನ್ಯಾಸ ಎತ್ತಿಕೊಳ್ಳುತ್ತದೆ. ಒಂದು, ಇತರರ ಕಣ್ಣು ತಪ್ಪಿಸಿಕೊಳ್ಳುವ ಸಣ್ಣ ವಿವರವನ್ನು ಹಿಡಿಯುವ ಗ್ರಹಿಕೆ. ಇದನ್ನು ವಿವರದೃಷ್ಟಿ ಎಂದು ಕರೆಯಬಹುದು. ಇನ್ನೊಂದು, ಒಂದೇ ವಿಷಯದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ, ಕೆಲವರಲ್ಲಿ ಜೀವಮಾನವಿಡೀ ನೆಲೆನಿಲ್ಲುವ ಗಾಢವಾದ ಒಲವು. ಇದನ್ನು ತೀವ್ರಾಸಕ್ತಿ ಎನ್ನಬಹುದು.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ, ಅಂದರೆ ಡಿಎಸ್‌ಎಂ-5, ತೀವ್ರಾಸಕ್ತಿಯನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸುವಾಗ ಅದು ಸೀಮಿತವಾದದ್ದು, ಅಂಟಿಕೊಂಡದ್ದು, ತೀವ್ರತೆಯಲ್ಲಿ ಅಸಹಜವಾದದ್ದು ಎಂಬ ಅರ್ಥ ಬರುವಂತೆಯೇ ವರ್ಣಿಸುತ್ತದೆ. ರೋಗನಿರ್ಣಯದ ಕೆಲಸಕ್ಕೆ ಅಂಥ ಭಾಷೆ ಬೇಕಾಗಬಹುದು. ಆದರೆ ಕ್ಲಿನಿಕ್ಕಿನ ಭಾಷೆ ಹಾಗೆಯೇ ತರಗತಿಗೆ ದಾಟಿ ಬಂದಾಗ, ಮಗುವಿನ ಆ ಹುಚ್ಚನ್ನು ಬಿಡಿಸಿದರೆ ಮಾತ್ರ ಓದು ತಲೆಗೆ ಹತ್ತುತ್ತದೆ ಎಂಬ ನಂಬಿಕೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಬೇರುಬಿಡುತ್ತದೆ. ಆ ನಂಬಿಕೆ ತಪ್ಪು ಎಂಬುದು ಈ ಉಪನ್ಯಾಸದ ನಿಲುವು. ಆಟಿಸಂ ಇರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಬಿಡಿಯಿಂದ ಇಡಿಯ ಕಡೆಗೆ ನಡೆಯುತ್ತಾರೆ; ಆ ದಾರಿ ಇಡಿಯನ್ನು ತಲುಪದೆ ನಿಂತುಹೋಗುವ ದಾರಿಯಲ್ಲವಾದರೂ ಅದಕ್ಕೆ ಹೆಚ್ಚು ಹೊತ್ತು ಬೇಕು; ಆ ಹೊತ್ತನ್ನು ಬೇಸರವಿಲ್ಲದೆ ಕೊಡುವಂತೆ ಮಾಡುವ ಶಕ್ತಿ ತೀವ್ರಾಸಕ್ತಿಗೆ ಇದೆ. ಹೀಗಾಗಿ ಅವರ ಪಾಲಿಗೆ ಆಸಕ್ತಿಯು ಓದಿನ ಎದುರಾಳಿಯಾಗದೆ ಓದಿನ ಮುಖ್ಯ ಆಧಾರವಾಗುತ್ತದೆ.

ಈ ವಿಷಯದ ಚರಿತ್ರೆ ದೀರ್ಘವಾದದ್ದೇನಲ್ಲ. ಆಟಿಸಂ ಎಂಬ ಪದವನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಕಿಜೋಫ್ರೇನಿಯಾದ ಒಂದು ಲಕ್ಷಣಕ್ಕಾಗಿ ಟಂಕಿಸಿದರು. ಇಂದು ಆ ಹೆಸರಿನಿಂದ ಗುರುತಿಸುವ ಮಕ್ಕಳನ್ನು ಸೋವಿಯತ್ ರಷ್ಯಾದ ಗ್ರುನ್ಯಾ ಸುಖರೇವಾ 1925ರಲ್ಲಿಯೇ ಆರು ಹುಡುಗರ ಉದಾಹರಣೆಯೊಡನೆ ಸೂಕ್ಷ್ಮವಾಗಿ ವರ್ಣಿಸಿದ್ದರೂ ಅವರ ಕೆಲಸ ಬಹುಕಾಲ ಮೂಲೆಗುಂಪಾಗಿತ್ತು. ಅಮೆರಿಕದ ಬಾಲ್ಟಿಮೋರಿನ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ತಮ್ಮ ಪ್ರಬಂಧವನ್ನು ಹೊರತಂದರು. ಆಸ್ಪರ್ಗರ್ ತಾವು ಕಂಡ ಮಕ್ಕಳ ವಿಶೇಷಾಸಕ್ತಿಗಳನ್ನು ಮೆಚ್ಚಿ ಬರೆದದ್ದು ನಿಜ. ಅದೇ ಹೊತ್ತಿನಲ್ಲಿ ಅವರು ನಾತ್ಸಿ ಆಡಳಿತದೊಡನೆ ಸಹಕರಿಸಿ, ಕೆಲವು ಮಕ್ಕಳನ್ನು ಕೊಲ್ಲುವ ತಾಣವಾಗಿದ್ದ ಸ್ಪೀಗೆಲ್‌ಗ್ರುಂಡ್ ಸಂಸ್ಥೆಗೆ ಕಳುಹಿಸಲು ಕಾರಣರಾದರೆಂಬುದನ್ನು ಇತಿಹಾಸಕಾರರಾದ ಹೆರ್ವಿಗ್ ಚೆಕ್ ಮತ್ತು ಎಡಿತ್ ಶೆಫರ್ 2018ರಲ್ಲಿ ದಾಖಲೆಗಳ ಸಮೇತ ತೋರಿಸಿದ್ದಾರೆ. ಮಕ್ಕಳ ಪ್ರತಿಭೆಯನ್ನು ಉಪಯುಕ್ತತೆಯ ತಕ್ಕಡಿಯಲ್ಲಿ ತೂಗುವುದರ ಅಪಾಯ ಎಷ್ಟು ಭೀಕರವಾಗಬಲ್ಲುದು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿಯಾದ್ದರಿಂದ ಇದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸರಿಯಾಗದು.

ವಿವರದೃಷ್ಟಿಯನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಪ್ರಯತ್ನಗಳು ಲಂಡನ್ನಿನಲ್ಲಿ ಮೊದಲಾದವು. ಅಮಿತಾ ಷಾ ಮತ್ತು ಉಟಾ ಫ್ರಿತ್ 1983ರಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ, ದೊಡ್ಡ ಚಿತ್ರದೊಳಗೆ ಅಡಗಿಸಿಟ್ಟ ಸಣ್ಣ ಆಕೃತಿಯನ್ನು, ಉದಾಹರಣೆಗೆ ಮಗುವನ್ನು ಕೂರಿಸುವ ಗಾಡಿಯ ಗೆರೆಗಳ ನಡುವೆ ಕಲೆತುಹೋದ ತ್ರಿಕೋನದಂಥದ್ದನ್ನು, ಹುಡುಕುವ ಕೆಲಸದಲ್ಲಿ ಆಟಿಸಂ ಇರುವ ಮಕ್ಕಳು ತಮ್ಮಷ್ಟೇ ಬೌದ್ಧಿಕ ವಯಸ್ಸಿನ ಇತರ ಮಕ್ಕಳಿಗಿಂತ ಮುಂದಿದ್ದರು. ಅದೇ ಇಬ್ಬರು ಹತ್ತು ವರ್ಷಗಳ ಬಳಿಕ, 1993ರಲ್ಲಿ, ಪ್ರಕಟಿಸಿದ ಇನ್ನೊಂದು ಪ್ರಯೋಗ ಹೆಚ್ಚು ಬೆಳಕು ಚೆಲ್ಲುವಂಥದ್ದು. ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ.

ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಬ್ಲಾಕ್ ಡಿಸೈನ್ ಎಂಬ ಒಂದು ಭಾಗವಿದೆ. ಮಗುವಿನ ಮುಂದೆ ಕೆಲವು ಘನಾಕಾರದ ಬಿಲ್ಲೆಗಳನ್ನು ಇಡುತ್ತಾರೆ. ಪ್ರತಿ ಬಿಲ್ಲೆಯ ಕೆಲವು ಮುಖಗಳು ಪೂರ್ತಿ ಕೆಂಪು, ಕೆಲವು ಪೂರ್ತಿ ಬಿಳಿ, ಉಳಿದವು ಮೂಲೆಯಿಂದ ಮೂಲೆಗೆ ಸೀಳಿದಂತೆ ಅರ್ಧ ಕೆಂಪು, ಅರ್ಧ ಬಿಳಿ. ಕಾರ್ಡಿನಲ್ಲಿ ಮುದ್ರಿಸಿದ ಒಂದು ವಿನ್ಯಾಸವನ್ನು ತೋರಿಸಿ, ಬಿಲ್ಲೆಗಳನ್ನು ಜೋಡಿಸಿ ಅದನ್ನೇ ಮಾಡಬೇಕೆಂದು ಹೇಳುತ್ತಾರೆ. ಕಾರ್ಡಿನ ಚಿತ್ರದಲ್ಲಿ ಬಿಲ್ಲೆಗಳ ನಡುವಣ ಗೆರೆಗಳು ಕಾಣುವುದಿಲ್ಲವಾದ್ದರಿಂದ ನೋಡುವವರ ಕಣ್ಣು ಮೊದಲು ಇಡಿಯಾದ ಒಂದು ವಜ್ರವನ್ನೋ ಪಟ್ಟಿಯನ್ನೋ ಕಾಣುತ್ತದೆ. ಅದನ್ನು ಮನಸ್ಸಿನಲ್ಲಿ ಒಡೆದು, ಯಾವ ಜಾಗಕ್ಕೆ ಯಾವ ಮುಖ ಎಂದು ಗುರುತಿಸುವುದೇ ಕಷ್ಟದ ಕೆಲಸ. ಷಾ ಮತ್ತು ಫ್ರಿತ್ ಒಂದೇ ವಿನ್ಯಾಸವನ್ನು ಎರಡು ರೀತಿಯಲ್ಲಿ ತೋರಿಸಿದರು: ಒಮ್ಮೆ ಇಡಿಯಾಗಿ, ಇನ್ನೊಮ್ಮೆ ಬಿಲ್ಲೆಗಳ ನಡುವೆ ಅಂತರ ಬಿಟ್ಟು ಬಿಡಿಬಿಡಿಯಾಗಿ. ಬಿಡಿಸಿ ತೋರಿಸಿದಾಗ ಇತರರ ವೇಗ ಗಮನಾರ್ಹವಾಗಿ ಹೆಚ್ಚಿತು. ಆಟಿಸಂ ಇರುವವರಿಗೆ ಅದರಿಂದ ಆದ ಲಾಭ ಕಡಿಮೆ, ಏಕೆಂದರೆ ಇಡಿಯಾಗಿ ತೋರಿಸಿದಾಗಲೂ ಅವರ ಕಣ್ಣು ಅದನ್ನು ಆಗಲೇ ಬಿಡಿಸಿ ನೋಡಿಯಾಗಿತ್ತು. ಇತರರು ಶ್ರಮಪಟ್ಟು ಮಾಡಬೇಕಾದ ವಿಂಗಡಣೆ ಅವರಿಗೆ ಮೊದಲ ನೋಟದಲ್ಲಿಯೇ ಸಿದ್ಧವಾಗಿರುತ್ತದೆ ಎಂಬುದು ಇದರ ತಾತ್ಪರ್ಯ.

ಇಂಥ ವಿವರದೃಷ್ಟಿಗೆ ಉಟಾ ಫ್ರಿತ್ 1989ರಲ್ಲಿಯೇ ಕೊಟ್ಟಿದ್ದ ವಿವರಣೆಯ ಹೆಸರು ದುರ್ಬಲ ಕೇಂದ್ರೀಯ ಸುಸಂಗತತೆ. ಬಿಡಿ ಮಾಹಿತಿಯನ್ನೆಲ್ಲ ಒಟ್ಟಿಗೆ ಸೆಳೆದು ಒಂದು ಅರ್ಥಕ್ಕೆ ಕಟ್ಟುವ ಸೆಳೆತ ಸಾಮಾನ್ಯವಾಗಿ ಎಲ್ಲರಲ್ಲಿಯೂ ಬಲವಾಗಿರುತ್ತದೆ. ಕಥೆಯ ವಾಕ್ಯಗಳು ಮರೆತರೂ ಸಾರ ನೆನಪಿನಲ್ಲಿ ಉಳಿಯುವುದು ಅದರಿಂದಲೇ. ಆಟಿಸಂನಲ್ಲಿ ಈ ಸೆಳೆತ ದುರ್ಬಲವಾಗಿರುತ್ತದೆ ಎಂಬುದು ಅವರ ವಾದ. ಆ ಹೆಸರಿನಲ್ಲಿರುವ ದೌರ್ಬಲ್ಯದ ಸೂಚನೆಯನ್ನು ಮುಂದೆ ಅವರೇ ಸಡಿಲಿಸಿದರು. ಫ್ರಾನ್ಸೆಸ್ಕಾ ಹ್ಯಾಪೆಯೊಡನೆ 2006ರಲ್ಲಿ ಬರೆದ ಸಮೀಕ್ಷೆಯಲ್ಲಿ ಇದನ್ನು ಕೊರತೆಯೆಂದು ನೋಡುವುದಕ್ಕಿಂತ ವಿವರದ ಕಡೆಗೆ ವಾಲುವ ಒಂದು ಗ್ರಹಣಶೈಲಿ ಎಂದು ನೋಡುವುದು ಮೇಲೆಂಬ ನಿಲುವಿಗೆ ಬಂದರು. ಮಾಂಟ್ರಿಯಲ್‌ನ ಲೋರಾಂ ಮೋಟ್ರಾನ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಡಿಯನ್ನು ಕಟ್ಟುವ ಶಕ್ತಿ ಕುಗ್ಗದೆಯೂ ಬಿಡಿಯನ್ನು ಗ್ರಹಿಸುವ ಶಕ್ತಿ ಹೆಚ್ಚಿರಬಹುದೆಂದು ವಾದಿಸಿದರು. ಆ ತಂಡದಲ್ಲಿ ಸ್ವತಃ ಆಟಿಸಂ ಇರುವ ಸಂಶೋಧಕಿ ಮಿಶೆಲ್ ಡಾಸನ್ ಇದ್ದರು. ಅವರ ಮುಂದಾಳುತನದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವು ಒಂದೇ ಗುಂಪಿನ ಆಟಿಸಂ ಇರುವ ಮಕ್ಕಳಿಗೆ ಎರಡು ಬುದ್ಧಿಮತ್ತೆ ಪರೀಕ್ಷೆಗಳನ್ನು ಕೊಟ್ಟಿತು: ಹೆಚ್ಚಾಗಿ ಮಾತಿನ ಮೂಲಕ ನಡೆಯುವ ವೆಕ್ಸ್‌ಲರ್ ಪರೀಕ್ಷೆ, ಮತ್ತು ವಿನ್ಯಾಸಗಳ ಸಾಲಿನಲ್ಲಿ ಬಿಟ್ಟುಹೋದ ಒಂದನ್ನು ಊಹಿಸಬೇಕಾದ ರೇವನ್ ಪರೀಕ್ಷೆ. ರೇವನ್ ಪರೀಕ್ಷೆಯಲ್ಲಿ ಅವರ ಸ್ಥಾನ ಸರಾಸರಿ 30 ಪರ್ಸೆಂಟೈಲ್‌ಗಳಷ್ಟು ಮೇಲೇರಿತು. ಅಂದರೆ ನೂರು ಸಮವಯಸ್ಕರ ಸಾಲಿನಲ್ಲಿ ನಿಲ್ಲಿಸಿದರೆ ಅದೇ ಮಗು ಸುಮಾರು 30 ಮಂದಿಯನ್ನು ದಾಟಿ ಮುಂದೆ ಹೋದಂತೆ. ರೇವನ್ ಪರೀಕ್ಷೆ ಅಮೂರ್ತ ತರ್ಕವನ್ನು ಬೇಡುವಂಥದ್ದಾದ್ದರಿಂದ, ಆಟಿಸಂ ಇರುವವರಿಗೆ ಚೂರುಚೂರು ಸಂಗತಿಗಳ ಕಂಠಪಾಠವಷ್ಟೇ ಸಾಧ್ಯ ಎಂಬ ಹಳೆಯ ಮಾತು ಇಲ್ಲಿ ನಿಲ್ಲದಾಯಿತು.

ಈ ಸಿದ್ಧಾಂತಗಳ ನಡುವಣ ಜಗಳ ಇತ್ಯರ್ಥವಾಗಿದೆಯೆಂದು ಹೇಳಲಾಗದಿದ್ದರೂ, ವಿದ್ಯಾಭ್ಯಾಸದ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳ ಮಾತು 2015ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಿಂದ ಬಂದಿತು. ರೂತ್ ವಾನ್ ಡೆರ್ ಹ್ಯಾಲೆನ್ ಮತ್ತು ಸಂಗಡಿಗರು ಅದುವರೆಗಿನ ಹಲವು ಪ್ರಯೋಗಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಆಟಿಸಂ ಇರುವವರು ಇಡಿಯನ್ನು ಕಾಣಲಾರರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಬಿಡಿಯ ವಿಷಯದಲ್ಲಿ ಎಲ್ಲ ಸಂದರ್ಭಗಳಲ್ಲಿಯೂ ಅವರದೇ ಮೇಲುಗೈ ಎಂಬುದಕ್ಕೂ ಸಿಗಲಿಲ್ಲ. ಸಿಕ್ಕಿದ್ದು ಇಷ್ಟು: ಬಿಡಿ ಒಂದು ಕಡೆಗೂ ಇಡಿ ಇನ್ನೊಂದು ಕಡೆಗೂ ಎಳೆಯುವ ಚಿತ್ರಗಳಲ್ಲಿ ಇಡಿಯನ್ನು ತಲುಪಲು ಅವರಿಗೆ ಹೆಚ್ಚು ಸಮಯ ಬೇಕಾಗುತ್ತದೆ. ಸಾಮರ್ಥ್ಯದ ಪ್ರಶ್ನೆಯೆಂದು ತಿಳಿದದ್ದು ಇಲ್ಲಿ ಸಮಯದ ಪ್ರಶ್ನೆಯಾಯಿತು. ನಲವತ್ತು ನಿಮಿಷದ ಪಿರಿಯಡ್ಡು, ಗಂಟೆ ಬಾರಿಸಿದೊಡನೆ ಬದಲಾಗುವ ವಿಷಯ, ಮೂರು ಗಂಟೆಯ ಪರೀಕ್ಷೆ ಇವುಗಳ ಮೇಲೆ ನಿಂತಿರುವ ಶಾಲೆಗೆ ಇದಕ್ಕಿಂತ ಮುಖ್ಯವಾದ ಸಂಶೋಧನೆ ಬೇರೊಂದಿರಲಾರದು.

ಗದ್ದಲದ ತರಗತಿಯಲ್ಲಿ ಇಂಥ ವಿದ್ಯಾರ್ಥಿಯ ಗಮನ ಚದುರುವುದಕ್ಕೂ ಒಂದು ವಿವರಣೆಯಿದೆ. ಅನ್ನಾ ರೆಮಿಂಗ್ಟನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಎದುರಿಗಿರುವ ಕೆಲಸ ಕಷ್ಟವಾದಂತೆ ಸಾಮಾನ್ಯರ ಗ್ರಹಿಕೆ ಅದರಲ್ಲಿಯೇ ತುಂಬಿಹೋಗಿ ಅಕ್ಕಪಕ್ಕದ ಸಂಗತಿಗಳು ತಾವಾಗಿ ಹೊರಗುಳಿಯುತ್ತವೆ. ಆಟಿಸಂ ಇರುವವರಲ್ಲಿ ಅದೇ ಕಷ್ಟದ ಮಟ್ಟದಲ್ಲಿಯೂ ಗ್ರಹಿಕೆಯ ಪಾತ್ರೆಯಲ್ಲಿ ಜಾಗ ಉಳಿದಿರುವುದರಿಂದ ಅಕ್ಕಪಕ್ಕದ್ದೂ ಒಳಗೆ ಬರುತ್ತದೆ. ಫ್ಯಾನಿನ ಕಿರುಗುಟ್ಟುವಿಕೆ, ಪಕ್ಕದ ಕೊಠಡಿಯ ಮಗ್ಗಿ, ಬೋರ್ಡಿನ ಮೇಲೆ ಅರ್ಧ ಅಳಿಸಿ ಉಳಿದ ಹಿಂದಿನ ಪಾಠದ ಅಕ್ಷರ ಇವೆಲ್ಲ ಪಾಠದ ಜೊತೆಜೊತೆಯಲ್ಲಿಯೇ ಅಷ್ಟೇ ಸ್ಪಷ್ಟವಾಗಿ ಒಳಬರುವ ಮಗುವನ್ನು ಗಮನವಿಲ್ಲದ ಮಗು ಎಂದು ಬೈಯುವುದು ಅನ್ಯಾಯ. ಆ ಮಗು ಬಳಲುವುದು ಗಮನದ ಅಭಾವದಿಂದಲ್ಲ, ಅದರ ವಿಸ್ತಾರದಿಂದ.

ಇಷ್ಟು ವಿಸ್ತಾರವಾದ ಗ್ರಹಿಕೆ ಒಂದೇ ಕಡೆ ನೆಲೆನಿಂತಾಗ ಏನಾಗುತ್ತದೆ ಎಂಬುದನ್ನು ವಿವರಿಸುವ ಸಿದ್ಧಾಂತ ಮಾನೋಟ್ರೋಪಿಸಂ, ಅಂದರೆ ಏಕಮುಖ ಗಮನ. ಡೈನಾ ಮರ್ರೆ, ಮೈಕ್ ಲೆಸ್ಸರ್ ಮತ್ತು ವೆನ್ ಲಾಸನ್ 2005ರಲ್ಲಿ ಅದನ್ನು ಮಂಡಿಸಿದರು. ಆಟಿಸಂನ ಅನುಭವವನ್ನು ಒಳಗಿನಿಂದ ಬಲ್ಲವರು ಕಟ್ಟಿದ ಸಿದ್ಧಾಂತವಾದ್ದರಿಂದ ಅದಕ್ಕೆ ವಿಶೇಷ ತೂಕವಿದೆ. ಗಮನವೆಂಬುದು ಮಿತವಾದ ಸಂಪತ್ತು. ಬಹುಮಂದಿ ಅದನ್ನು ಏಕಕಾಲಕ್ಕೆ ಹಲವು ಆಸಕ್ತಿಗಳಿಗೆ ಸ್ವಲ್ಪಸ್ವಲ್ಪವಾಗಿ ಹಂಚುತ್ತಾರೆ. ಆಟಿಸಂ ಇರುವವರಲ್ಲಿ ಅದು ಒಂದೆರಡು ಆಸಕ್ತಿಗಳಿಗೆ ಪೂರ್ತಿಯಾಗಿ ಹರಿಯುತ್ತದೆ ಎಂಬುದು ಅದರ ತಿರುಳು. ಹೀಗೆ ಹರಿಯುವಾಗ ಕಲಿಕೆ ಅಸಾಧಾರಣ ಆಳಕ್ಕೆ ಇಳಿಯುತ್ತದೆ, ಹಾಗೆಯೇ ಆ ಹರಿವಿನಿಂದ ಥಟ್ಟನೆ ಹೊರಬರಬೇಕಾಗಿ ಬಂದಾಗ ನಿಜವಾದ ನೋವೂ ದಿಗ್ಭ್ರಮೆಯೂ ಆಗುತ್ತದೆ. ಪಿರಿಯಡ್ಡು ಬದಲಾದಾಗ ಪುಸ್ತಕ ಮುಚ್ಚದೆ ಕೂತ ಮಗು ಹಟಮಾರಿಯೆಂಬ ಹೆಸರು ಪಡೆಯುವುದು ಈ ಕಾರಣವನ್ನು ತಿಳಿಯದವರಿಂದ.

ತೀವ್ರಾಸಕ್ತಿಯನ್ನು ಗೀಳುರೋಗದೊಡನೆ ಕಲಸಬಾರದೆಂಬ ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಒಸಿಡಿ ಎಂದು ಜನ ಗುರುತಿಸುವ ಗೀಳುರೋಗದಲ್ಲಿ ಮನಸ್ಸಿಗೆ ಬೇಡವಾದ ಯೋಚನೆ ಬಲಾತ್ಕಾರದಿಂದ ನುಗ್ಗಿ ಆತಂಕ ಹುಟ್ಟಿಸುತ್ತದೆ, ಆ ಆತಂಕವನ್ನು ತಣಿಸಲು ವ್ಯಕ್ತಿ ಒಂದೇ ಕ್ರಿಯೆಯನ್ನು ಮತ್ತೆಮತ್ತೆ ಮಾಡುತ್ತಾನೆ. ತೀವ್ರಾಸಕ್ತಿ ಸಂತೋಷ ಕೊಡುತ್ತದೆ, ದಣಿದ ಮನಸ್ಸಿಗೆ ವಿಶ್ರಾಂತಿ ಕೊಡುತ್ತದೆ. ಆಟಿಸಂ ಇರುವ ಕೆಲವರಿಗೆ ಎರಡೂ ಇರಬಹುದು, ಆಗ ಮನೋವೈದ್ಯರ ನೆರವು ಬೇಕು. ಆದರೆ ಒಂದನ್ನು ಇನ್ನೊಂದೆಂದು ತಿಳಿದು ಮಗುವಿನ ಸಂತೋಷಕ್ಕೆ ಚಿಕಿತ್ಸೆ ಕೊಡಹೊರಡುವುದು ದೊಡ್ಡ ಅನಾಹುತ.

ತೀವ್ರಾಸಕ್ತಿಯನ್ನು ಕಲಿಕೆಯ ದಾರಿಗೆ ತರುವುದು ಹೇಗೆಂಬುದಕ್ಕೆ ಹಳೆಯದಾದರೂ ಇಂದಿಗೂ ಅತ್ಯಂತ ಸೊಗಸಾದ ಉದಾಹರಣೆ ಸಿಗುವುದು ಕ್ಯಾನರ್ ಅವರ 1943ರ ಅಧ್ಯಯನದ ಮೊದಲ ಮಗುವಿನ ಜೀವನದಲ್ಲಿ. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಪಟ್ಟಣದಲ್ಲಿ 1933ರಲ್ಲಿ ಹುಟ್ಟಿದ ಡೊನಾಲ್ಡ್ ಟ್ರಿಪ್ಲೆಟ್‌ನನ್ನು ತಂದೆತಾಯಿ ಐದನೆಯ ವಯಸ್ಸಿನಲ್ಲಿ ಕ್ಯಾನರ್ ಬಳಿಗೆ ಕರೆತಂದರು. ಎಣಿಸುವುದು, ಅಳೆಯುವುದು ಆ ಬಾಲಕನ ತೀವ್ರಾಸಕ್ತಿ. ಒಂಬತ್ತು ವರ್ಷದ ಹೊತ್ತಿಗೆ ಅವನನ್ನು ಊರಿನಿಂದ ಸ್ವಲ್ಪ ದೂರದಲ್ಲಿದ್ದ ರೈತ ದಂಪತಿಗಳ ಮನೆಯಲ್ಲಿ ಬಿಟ್ಟರು. ಕ್ಯಾನರ್ 1945ರಲ್ಲಿ ಆ ಹೊಲಕ್ಕೆ ಹೋಗಿ ಕಂಡದ್ದನ್ನು 1971ರ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಅಳತೆಯ ಮೇಲೆ ಪ್ರಾಣವಿಟ್ಟಿದ್ದ ಹುಡುಗನಿಗೆ ಆ ದಂಪತಿಗಳು ಬಾವಿ ತೋಡುವ ಕೆಲಸ ಕೊಟ್ಟು, ಎಷ್ಟು ಆಳವಾಯಿತೆಂದು ಅಳೆದು ಹೇಳಲು ಹಚ್ಚಿದರು. ಅವನು ಮುಸುಕಿನ ಜೋಳದ ಸಾಲುಗಳನ್ನು ಮತ್ತೆಮತ್ತೆ ಎಣಿಸುತ್ತ ನಿಂತುಬಿಡುತ್ತಿದ್ದನಾದ್ದರಿಂದ, ಸಾಲುಗಳನ್ನು ಉಳುತ್ತಲೇ ಎಣಿಸಬಹುದೆಂದು ಕೈಗೆ ನೇಗಿಲು ಕೊಟ್ಟರು. ಕ್ಯಾನರ್ ನೋಡುತ್ತಿದ್ದಂತೆ ಹುಡುಗ ಆರು ಉದ್ದನೆಯ ಸಾಲುಗಳನ್ನು ಉತ್ತ; ಸಾಲಿನ ಕೊನೆಯಲ್ಲಿ ಕುದುರೆಯನ್ನು ತಿರುಗಿಸಿ ನೇಗಿಲನ್ನು ಮುಂದಿನ ಸಾಲಿಗೆ ಹೂಡುವ ಅವನ ಚಳಕ ಅವರನ್ನು ಬೆರಗುಗೊಳಿಸಿತು. ಸತ್ತ ಹಕ್ಕಿ, ಹುಳುಗಳನ್ನು ಆಯ್ದು ತರುವ ಅಭ್ಯಾಸ ಶುರುವಾದಾಗ ಅವುಗಳನ್ನು ಹೂಳಲು ಒಂದು ಜಾಗ ಮಾಡಿಕೊಟ್ಟು, ಪ್ರತಿಯೊಂದಕ್ಕೂ ಹೆಸರಿನ ಫಲಕ ನೆಡಲು ಬಿಟ್ಟರು. ಹಳ್ಳಿಯ ಶಾಲೆಯಲ್ಲಿ ಓದು ಮುಂದುವರಿಸಿದ ಡೊನಾಲ್ಡ್ 1958ರಲ್ಲಿ ಪದವಿ ಪಡೆದು, ತನ್ನೂರಿನ ಬ್ಯಾಂಕಿನಲ್ಲಿ ದುಡಿದು, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ರೈತ ದಂಪತಿಗಳಿಗೆ ಮನಶ್ಶಾಸ್ತ್ರದ ಯಾವ ಸಿದ್ಧಾಂತವೂ ಬೇಕಾಗಲಿಲ್ಲ. ಎಣಿಸುವುದನ್ನು ನಿಲ್ಲಿಸಿದರೆ ಉಳಲು ಬಿಡುತ್ತೇವೆಂದು ಅವರು ಷರತ್ತು ಹಾಕಲಿಲ್ಲ. ಉತ್ತರೆ ಎಣಿಸಲು ಬಿಡುತ್ತೇವೆಂದು ಆಸೆಯನ್ನೂ ತೋರಿಸಲಿಲ್ಲ. ಎಣಿಕೆ ಉಳುಮೆಯ ಒಳಗೇ ಇತ್ತು. ಇಂದಿನ ಅನೇಕ ಥೆರಪಿ ಕೇಂದ್ರಗಳಲ್ಲಿ, ಹೇಳಿದ ಕೆಲಸ ಮುಗಿಸಿದರೆ ಐದು ನಿಮಿಷ ರೈಲಿನ ವಿಡಿಯೋ ಎಂಬಂತೆ ಮಗುವಿನ ಆಸಕ್ತಿಯನ್ನು ಬಹುಮಾನವಾಗಿ ಬಳಸುವ ಪದ್ಧತಿಯಿದೆ. ಅದು ತಾತ್ಕಾಲಿಕವಾಗಿ ಕೆಲಸ ಮಾಡುತ್ತದಾದರೂ, ಓದು ಎಂಬುದು ರೈಲಿಗಾಗಿ ತೆರಬೇಕಾದ ಸುಂಕ ಎಂಬ ಪಾಠವನ್ನೂ ಜೊತೆಗೇ ಕಲಿಸುತ್ತದೆ. ಆಸಕ್ತಿಯನ್ನು ಓದಿನ ಹೊರಗಿಟ್ಟು ಆಮಿಷವಾಗಿಸುವುದಕ್ಕೂ ಓದಿನ ಒಳಗೆ ಸೇರಿಸುವುದಕ್ಕೂ ಇರುವ ಈ ಅಂತರವನ್ನು ಶಿಕ್ಷಕರ ತರಬೇತಿಯಲ್ಲಿ ಮುಖ್ಯವಾಗಿ ಹೇಳಿಕೊಡಬೇಕಾಗಿದೆ.

ಇದೇ ಮಾತನ್ನು ಉನ್ನತ ಶಿಕ್ಷಣದ ಮಟ್ಟದಲ್ಲಿ ತೋರಿಸಿಕೊಡುವುದು ಸ್ವತಃ ಆಟಿಸಂ ಇರುವ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರ ವಿದ್ಯಾರ್ಥಿಜೀವನ. 1947ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಗ್ರಾಂಡಿನ್ ಹದಿಹರೆಯದಲ್ಲಿ ಅರಿಜೋನಾದಲ್ಲಿದ್ದ ಸೋದರತ್ತೆಯ ದನದ ಫಾರ್ಮಿಗೆ ಹೋದಾಗ, ಲಸಿಕೆ ಹಾಕುವ ಹೊತ್ತಿನಲ್ಲಿ ದನವನ್ನು ಎರಡೂ ಪಕ್ಕದಿಂದ ಒತ್ತಿ ಹಿಡಿಯುವ ಚೌಕಟ್ಟನ್ನು ಕಂಡರು. ಆ ಒತ್ತಡದಲ್ಲಿ ಕೆಲವು ದನಗಳು ಶಾಂತವಾಗುವುದನ್ನು ಗಮನಿಸಿ, ಸದಾ ಆತಂಕದಲ್ಲಿರುತ್ತಿದ್ದ ತಮ್ಮ ಮೈಗೂ ಅದು ಹಿತವೆಂದು ಕಂಡುಕೊಂಡು, ಮನುಷ್ಯರಿಗೆ ಹೊಂದುವಂಥ ಒತ್ತುಯಂತ್ರವೊಂದನ್ನು ತಾವೇ ಮಾಡಿಕೊಂಡರು. ಶಾಲೆಯಲ್ಲಿದ್ದ ಮನಶ್ಶಾಸ್ತ್ರಜ್ಞರು ಮುಂತಾದವರು ಅದನ್ನು ಕಿತ್ತುಕೊಳ್ಳಬೇಕೆಂದರು. ವಿಜ್ಞಾನದ ಶಿಕ್ಷಕ ವಿಲಿಯಂ ಕಾರ್ಲಾಕ್ ಹಾಗೆ ಮಾಡದೆ, ಒತ್ತಡ ಏಕೆ ಶಾಂತಿ ಕೊಡುತ್ತದೆಂಬುದನ್ನು ತಿಳಿಯಬೇಕಾದರೆ ವಿಜ್ಞಾನ ಕಲಿಯಬೇಕು ಎಂದು ಹೇಳಿ, ಗ್ರಂಥಾಲಯದಲ್ಲಿ ಸಂಶೋಧನಾ ಪತ್ರಿಕೆಗಳನ್ನು ಹುಡುಕುವ ಕ್ರಮವನ್ನು ತೋರಿಸಿಕೊಟ್ಟರು. ಅದುವರೆಗೆ ಓದಿನಲ್ಲಿ ಹಿಂದೆ ಬಿದ್ದಿದ್ದ, ಕಣ್ಣಿಗೆ ಚಿತ್ರವಾಗಿ ಕಟ್ಟದ ಬೀಜಗಣಿತದಲ್ಲಿ ಸೋತಿದ್ದ ಹುಡುಗಿಗೆ ಓದುವುದಕ್ಕೆ ಕಾರಣ ಸಿಕ್ಕಿತು. ಆ ಹುಡುಗಿ ಅಂದು ಕೇಳಿಕೊಂಡ ಪ್ರಶ್ನೆ 1992ರಲ್ಲಿ ಗಾಢಸ್ಪರ್ಶದ ಒತ್ತಡವು ಆಟಿಸಂ ಇರುವವರು, ಕಾಲೇಜು ವಿದ್ಯಾರ್ಥಿಗಳು ಮತ್ತು ಪ್ರಾಣಿಗಳ ಮೇಲೆ ಬೀರುವ ಶಾಂತಗೊಳಿಸುವ ಪರಿಣಾಮವನ್ನು ಕುರಿತ ಪ್ರಬಂಧವಾಗಿ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅರಿಜೋನಾದಲ್ಲಿ ಸ್ನಾತಕೋತ್ತರ ಪದವಿಗೆ ಓದುವಾಗ ಅವರ ವಿವರದೃಷ್ಟಿ ಹೊಸ ಕೆಲಸಕ್ಕೆ ಒದಗಿತು. ಕಿರಿದಾದ ಓಣಿಯಲ್ಲಿ ಸಾಗುವ ದನಗಳು ಒಂದೊಂದು ಜಾಗದಲ್ಲಿ ಥಟ್ಟನೆ ನಿಲ್ಲುತ್ತಿದ್ದವು. ಆಳುಗಳು ಹೊಡೆದು, ಕೂಗಿ ಅವನ್ನು ಮುಂದೆ ನೂಕುತ್ತಿದ್ದರು. ಗ್ರಾಂಡಿನ್ ಆ ಓಣಿಯೊಳಗೆ ತಾವೇ ಇಳಿದು, ದನದ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿದು, ಕಪ್ಪುಬಿಳುಪಿನಲ್ಲಿ ಚಿತ್ರಗಳನ್ನು ತೆಗೆದರು. ಆಗ ಕಂಡದ್ದು ಅಡ್ಡಲಾಗಿ ಬಿದ್ದ ಒಂದು ನೆರಳು, ತೂಗಾಡುವ ಸರಪಳಿಯ ತುದಿ, ಒದ್ದೆ ನೆಲದ ಮೇಲಣ ಹೊಳಪು. ಅವುಗಳನ್ನು ತೆಗೆದರೆ ದನಗಳು ತಾವಾಗಿ ನಡೆದವು. ಪ್ರಾಣಿವಿಜ್ಞಾನದ ಅಧ್ಯಾಪಕರಿಗೆ ಇದು ವಿದ್ವತ್ತಿನ ವಿಷಯವೆನಿಸದಿದ್ದಾಗ ಕಟ್ಟಡ ನಿರ್ಮಾಣ ಮತ್ತು ಕೈಗಾರಿಕಾ ವಿನ್ಯಾಸ ವಿಭಾಗಗಳ ಇಬ್ಬರು ಅಧ್ಯಾಪಕರ ಬೆಂಬಲ ಪಡೆದು ಅವರು ಪ್ರಬಂಧವನ್ನು ಮುಗಿಸಿ 1975ರಲ್ಲಿ ಪದವಿಯನ್ನೂ, 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನೂ ಪಡೆದರು. ಬಿಡಿಯಿಂದ ಇಡಿಗೆ ನಡೆಯುವುದೆಂದರೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ: ಸರಪಳಿಯ ತುದಿಯಿಂದ ಹೊರಟ ವಿಚಾರ ಪ್ರಾಣಿಯ ಭಯವನ್ನು ಕುರಿತ ಸಾಮಾನ್ಯ ತತ್ತ್ವವನ್ನು ಮುಟ್ಟಿತು.

ಕರ್ನಾಟಕದ ಹತ್ತನೆಯ ತರಗತಿಯಲ್ಲಿ ಇದು ಹೇಗಿದ್ದೀತು ಎಂದು ಕೇಳಿದರೆ, ರೈಲುಗಳಲ್ಲಿ ತೀವ್ರಾಸಕ್ತಿಯಿರುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿ ಮಾರ್ಗದಲ್ಲಿ 57 ಸುರಂಗಗಳಿವೆಯೆಂದೂ ಇಳಿಜಾರು 50ಕ್ಕೆ 1ರಂತೆ ಇದೆಯೆಂದೂ ಅವಳಿಗೆ ಬಾಯಿಪಾಠ. 50ಕ್ಕೆ 1 ಎಂದರೆ 50 ಮೀಟರ್ ಸಾಗಿದಾಗ 1 ಮೀಟರ್ ಏರುವುದು ಎಂದು ಶಿಕ್ಷಕರು ಹೇಳಿದೊಡನೆ, ಆ 50 ಮೀಟರನ್ನು ಹಳಿಯ ಮೇಲೆ ಅಳೆಯಬೇಕೋ ನೆಲಮಟ್ಟದಲ್ಲಿ ಅಳೆಯಬೇಕೋ ಎಂದು ಅವಳು ಕೇಳುತ್ತಾಳೆ. ಇದು ತಲೆಹರಟೆಯೆಂದು ಕೂರಿಸುವ ತರಗತಿಗಳು ಬೇಕಾದಷ್ಟಿವೆ. ಆದರೆ ಪ್ರಶ್ನೆ ಸರಿಯಾಗಿ ತ್ರಿಕೋನಮಿತಿಯ ಹೃದಯಕ್ಕೇ ತಾಗಿದೆ: ಹಳಿಯ ಮೇಲೆ ಅಳೆದರೆ ಅದು ವಿಕರ್ಣ, ಆಗ ದೊರೆಯುವ ಅನುಪಾತ ಸೈನ್, ನೆಲಮಟ್ಟದಲ್ಲಿ ಅಳೆದರೆ ಅದು ಪಾರ್ಶ್ವಬಾಹು, ಆಗ ದೊರೆಯುವುದು ಟ್ಯಾನ್. ಎರಡೂ ಲೆಕ್ಕದಲ್ಲಿ ಕೋನ ಸುಮಾರು 1.146 ಡಿಗ್ರಿ; ಒಂದರಲ್ಲಿ 1.1460, ಇನ್ನೊಂದರಲ್ಲಿ 1.1458 ಎಂದು ಡಿಗ್ರಿಯ ಹತ್ತು ಸಾವಿರದಲ್ಲಿ ಎರಡು ಭಾಗದಷ್ಟು ಮಾತ್ರ ವ್ಯತ್ಯಾಸ. ಕೋನ ಕಿರಿದಾದಾಗ ಸೈನ್ ಮತ್ತು ಟ್ಯಾನ್ ಬಹುತೇಕ ಒಂದೇ ಆಗುತ್ತವೆಂಬ ಸತ್ಯವನ್ನು ಪಠ್ಯಪುಸ್ತಕ ಹೇಳದೆಯೇ ಆ ವಿದ್ಯಾರ್ಥಿನಿ ತಾನೇ ಕಂಡುಕೊಂಡಳು. ಅದೇ ಘಾಟಿಯಿಂದ ಪಶ್ಚಿಮಘಟ್ಟದ ಮಳೆ, ಗುಡ್ಡ ಕುಸಿತ, ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಆದ ಬದಲಾವಣೆ, ಮಂಗಳೂರಿನ ಬಂದರಿನ ಸರಕು ಸಾಗಣೆ ಹೀಗೆ ಭೂಗೋಳಕ್ಕೂ ಅರ್ಥಶಾಸ್ತ್ರಕ್ಕೂ ದಾರಿಗಳಿವೆ. ಇದಕ್ಕೆ ಬೇರೆ ಪಠ್ಯಕ್ರಮ ಬೇಕಿಲ್ಲ. ಇರುವ ಪಾಠಕ್ಕೆ ಇನ್ನೊಂದು ಬಾಗಿಲಿನಿಂದ ಪ್ರವೇಶ ಸಿಗಬೇಕು, ಶಿಕ್ಷಕರಿಗೆ ಹತ್ತು ನಿಮಿಷದ ತಾಳ್ಮೆ ಇರಬೇಕು.

ಕೆಲವು ಎಚ್ಚರಿಕೆಗಳಿಲ್ಲದೆ ಈ ಮಾತು ಏಕಪಕ್ಷೀಯವಾದೀತು. ಆಟಿಸಂ ಇರುವ ಪ್ರತಿಯೊಬ್ಬರಲ್ಲಿಯೂ ಒಬ್ಬ ಮೇಧಾವಿ ಅಡಗಿರುತ್ತಾನೆಂದು ಸಿನಿಮಾಗಳು ಹಬ್ಬಿಸಿದ ಕಲ್ಪನೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಿದೆ. ಅಂಥ ವಿಶೇಷ ಪ್ರತಿಭೆಯುಳ್ಳವರು ಅಲ್ಪಸಂಖ್ಯಾತರು, ಮಾತು ಬಾರದ, ದಿನದ ಪ್ರತಿ ಕೆಲಸಕ್ಕೂ ನೆರವು ಬೇಕಾದ ಮಕ್ಕಳೂ ಇದೇ ಸ್ಥಿತಿಯವರು, ಅವರ ಆಸಕ್ತಿ ನೀರಿನ ಹರಿವನ್ನು ನೋಡುವುದಷ್ಟೇ ಆಗಿದ್ದರೂ ಅದಕ್ಕೆ ಗೌರವ ಸಲ್ಲಬೇಕು. ಅನೇಕ ಹೆಣ್ಣುಮಕ್ಕಳ ತೀವ್ರಾಸಕ್ತಿ ಕಾದಂಬರಿ, ಪ್ರಾಣಿ, ಸಿನಿಮಾನಟ ಇಂಥ ವಯಸ್ಸಿಗೆ ಸಹಜವೆನಿಸುವ ವಿಷಯಗಳಲ್ಲಿ ಇರುವುದರಿಂದ, ಅದರ ಅಸಾಮಾನ್ಯ ತೀವ್ರತೆ ಯಾರ ಕಣ್ಣಿಗೂ ಬೀಳದೆ, ಅವರ ಆಟಿಸಂ ವರ್ಷಗಟ್ಟಲೆ ಗುರುತಾಗದೆ ಉಳಿಯುತ್ತದೆ. ತೀವ್ರಾಸಕ್ತಿಯ ಹರಿವಿನಲ್ಲಿ ಊಟ ನಿದ್ರೆಗಳು ಮರೆತುಹೋಗುವುದೂ ಉಂಟು, ಇಷ್ಟವಿಲ್ಲದ ವಿಷಯದ ಪುಸ್ತಕ ತೆರೆಯಲು ಮನಸ್ಸಿದ್ದರೂ ಕೈ ಏಳದಿರುವುದೂ ಉಂಟು. ಇದನ್ನು ಸೋಮಾರಿತನವೆಂದು ತಿಳಿಯದೆ, ಪಕ್ಕದಲ್ಲಿ ಕೂತು ಮೊದಲ ಸಾಲನ್ನು ಜೊತೆಯಲ್ಲಿ ಓದಿ ಶುರುಮಾಡಿಸುವವರು ಬೇಕು. ಇನ್ನು ಆಸಕ್ತಿಯೆಲ್ಲವೂ ಅಂಕವಾಗಿ, ನೌಕರಿಯಾಗಿ ಫಲಿಸಲೇಬೇಕೆಂಬ ಒತ್ತಾಯ ಅದರ ಸಂತೋಷವನ್ನೇ ಒಣಗಿಸಿಬಿಡುತ್ತದೆ.

ಇಂಥ ವಿದ್ಯಾರ್ಥಿಗಳಿಗೆ ತಕ್ಕಂತೆ ಪಾಠವನ್ನೂ ಪರೀಕ್ಷೆಯನ್ನೂ ಹೊಂದಿಸುವ ವಿಷಯದಲ್ಲಿ ಕಾನೂನು ಸಮಾಜಕ್ಕಿಂತ ಮುಂದಿದೆ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016, ಆಟಿಸಂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಪರಿಗಣಿಸಿ, ತನ್ನ 17ನೆಯ ಕಲಮಿನಲ್ಲಿ ಪಠ್ಯಕ್ರಮ ಮತ್ತು ಪರೀಕ್ಷಾ ಪದ್ಧತಿಗಳಲ್ಲಿ ತಕ್ಕ ಮಾರ್ಪಾಡು ಮಾಡಬೇಕೆಂದು ವಿಧಿಸುತ್ತದೆ. ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಲಿಪಿಕಾರರ ಸೌಲಭ್ಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವನ್ನು ಉದಾಹರಣೆಯಾಗಿ ಹೆಸರಿಸುತ್ತದೆ. ವಿನಾಯಿತಿ ಹಕ್ಕೇ ಹೊರತು ಕಟ್ಟಳೆಯಲ್ಲ. ಭಾಷೆಯೇ ತೀವ್ರಾಸಕ್ತಿಯಾಗಿರುವ ವಿದ್ಯಾರ್ಥಿಗೆ ಪ್ರಮಾಣಪತ್ರ ನೋಡಿ ಮೂರನೆಯ ಭಾಷೆಯನ್ನು ಬಿಡಿಸುವುದು ಕಾನೂನಿನ ಆಶಯಕ್ಕೇ ವಿರುದ್ಧ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷದ ಪರಿಹಾರ ಸಮಯವನ್ನು, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆಯನ್ನು, ನಿಗದಿಪಡಿಸಿತ್ತು. ಅದು ಶೇಕಡ 40 ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವುಳ್ಳವರಿಗೆ ಸೀಮಿತವಾಗಿತ್ತು. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ, ಶೇಕಡ 40ರ ಗೆರೆಯನ್ನು ಲಿಪಿಕಾರರ ಸೌಲಭ್ಯಕ್ಕೆ ಪೂರ್ವಷರತ್ತಾಗಿ ಮಾಡಲಾಗದೆಂದು ತೀರ್ಪು ಕೊಟ್ಟ ಮೇಲೆ, 2022ರಲ್ಲಿ ಅದಕ್ಕಿಂತ ಕಡಿಮೆ ಪ್ರಮಾಣದವರಿಗಾಗಿ ಇನ್ನೊಂದು ಮಾರ್ಗಸೂಚಿ ಬಂದಿತು. ಅದರ ಕೇಂದ್ರದಲ್ಲಿದ್ದದ್ದು ಬರೆಯುವುದಕ್ಕೆ ಇರುವ ತೊಡಕು.

ಇಲ್ಲಿ ಒಂದು ಸಂಗತಿ ಗಮನಕ್ಕೆ ಬರಬೇಕು. ಈ ನಿಯಮಗಳೆಲ್ಲ ಮುಖ್ಯವಾಗಿ ನಿಧಾನವಾದ ಕೈಯನ್ನೂ ಕಾಣದ ಕಣ್ಣನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಂಥವು. ಆಟಿಸಂ ಇರುವ ಅನೇಕ ವಿದ್ಯಾರ್ಥಿಗಳ ಸಮಯ ಬರೆಯುವುದಕ್ಕಿಂತ ಹೆಚ್ಚಾಗಿ ಪ್ರಶ್ನೆಯ ಅಂಚು ಎಲ್ಲಿದೆಯೆಂದು ಹುಡುಕುವುದರಲ್ಲಿ ವ್ಯಯವಾಗುತ್ತದೆ. ಕರ್ನಾಟಕದ ನದಿಗಳ ಬಗ್ಗೆ ಬರೆಯಿರಿ ಎಂಬ ಪ್ರಶ್ನೆಯಲ್ಲಿ ಎಷ್ಟು ನದಿ, ಯಾವ ಸಂಗತಿ, ಎಷ್ಟು ಉದ್ದ ಎಂಬುದೊಂದೂ ಇಲ್ಲ. ನದಿಗಳ ಕುರಿತು ಐವತ್ತು ಸಂಗತಿಗಳನ್ನು ಬಲ್ಲ ವಿದ್ಯಾರ್ಥಿ ಅವುಗಳಲ್ಲಿ ಯಾವುದನ್ನು ಬಿಡಬೇಕೆಂದು ತಿಳಿಯದೆ ಮೊದಲ ಪುಟದಲ್ಲಿಯೇ ಸಿಕ್ಕಿಕೊಳ್ಳುತ್ತಾನೆ. ಪಶ್ಚಿಮಕ್ಕೆ ಹರಿಯುವ ಎರಡು ನದಿಗಳನ್ನು ಹೆಸರಿಸಿ, ಪ್ರತಿಯೊಂದರ ಉಗಮಸ್ಥಾನ ಮತ್ತು ಅದು ಸಮುದ್ರ ಸೇರುವ ಜಾಗವನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ ಎಂದರೆ ಅದೇ ವಿದ್ಯಾರ್ಥಿ ನಿಮಿಷಗಳಲ್ಲಿ ಮುಗಿಸುತ್ತಾನೆ, ಮತ್ತು ಆ ಸ್ಪಷ್ಟತೆಯಿಂದ ಉಳಿದ ವಿದ್ಯಾರ್ಥಿಗಳಿಗೆ ಯಾವ ನಷ್ಟವೂ ಇಲ್ಲ. 17ನೆಯ ಕಲಮು ಪರೀಕ್ಷಾ ಪದ್ಧತಿಯ ಮಾರ್ಪಾಡಿನ ಮಾತಾಡುವಾಗ ಸಮಯ ಮತ್ತು ಲಿಪಿಕಾರರನ್ನು ಉದಾಹರಣೆಯಾಗಿ ಹೆಸರಿಸಿದೆಯೇ ಹೊರತು ಅಲ್ಲಿಗೇ ಗೆರೆ ಎಳೆದಿಲ್ಲವಾದ್ದರಿಂದ, ಪ್ರಶ್ನೆಗಳ ವಾಕ್ಯರಚನೆಯೂ ಅದರ ವ್ಯಾಪ್ತಿಯೊಳಗೇ ಬರುತ್ತದೆ. ಪ್ರಶ್ನೆಪತ್ರಿಕೆ ರಚಿಸುವ ಅಧ್ಯಾಪಕರ ಕಾರ್ಯಾಗಾರಗಳಲ್ಲಿ, ಪ್ರತಿ ಪ್ರಶ್ನೆಯೂ ಏನನ್ನು, ಎಷ್ಟನ್ನು, ಯಾವ ಕ್ರಮದಲ್ಲಿ ಕೇಳುತ್ತಿದೆಯೆಂಬುದನ್ನು ಪರಿಶೀಲಿಸುವ ಒಂದು ಹಂತವನ್ನು ಸೇರಿಸಲು ಈಗಿರುವ ಕಾನೂನೇ ಸಾಕು.